ಇಲ್ಲದ ತಾರೀಕು

ಹೊಸ ಪುಸ್ತಕದ ವಾಸನೆಯೆಂದರೆ ಅವಳಿಗೆ ಚಿಕ್ಕಂದಿನಿಂದಲೂ ಪ್ರಾಣ. ಶಾಲೆ ತೆರೆಯುವ ದಿನ ಉಳಿದ ಮಕ್ಕಳು ಪುಸ್ತಕದಲ್ಲಿ ಚಿತ್ರ ಹುಡುಕುತ್ತಿದ್ದರೆ ಇವಳು ಹಾಳೆಗಳ ನಡುವೆ ಮೂಗು ತೂರಿಸಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಶಾಯಿ, ಅಂಟು, ಕಾಗದ ಮೂರೂ ಸೇರಿದ ಆ ವಾಸನೆಯ ಬೆನ್ನು ಹಿಡಿದೇ ಅವಳು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದು. ಹನ್ನೆರಡು ವರ್ಷವಾಗಿತ್ತು. ಎಲ್ಲರ ಬಾಯಲ್ಲಿ ಅವಳು ‘ಪ್ರೂಫಕ್ಕ’.

ಈಗ ಅವಳು ನಾಲ್ಕು ತಿಂಗಳ ಬಸುರಿ. ಅದೇ ವಾಸನೆ ಮುದ್ರಣಾಲಯದ ಬಾಗಿಲಲ್ಲೇ ಅವಳನ್ನು ಎದುರುಗೊಂಡು ಹೊಟ್ಟೆ ತೊಳಸುತ್ತಿತ್ತು. ಸುದ್ದಿಯನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಬೇಕೆಂದುಕೊಂಡ ವಾರವೇ ಸ್ವಯಂನಿವೃತ್ತಿಯ ಅರ್ಜಿಗಳು ಬಂದಿದ್ದವು. ಕೆಲಸ ಕಡಿಮೆಯಾಗಿದೆ, ಐದು ಜನ ತಾವಾಗಿಯೇ ಬಿಟ್ಟರೆ ಇಡಿಗಂಟು ಕೊಡುತ್ತೇವೆ ಎಂದು ಮುಖ್ಯ ಕಚೇರಿಯವರು ಹೇಳಿದ್ದರು. ಮ್ಯಾನೇಜರ್ ತಮ್ಮ ಕೋಣೆಯ ಹೊರಗೆ ಬೀಗ ಹಾಕಿದ ಒಂದು ಡಬ್ಬಿ ಇಡಿಸಿದ್ದರು. ಇವತ್ತು ನಾಲ್ಕು ಗಂಟೆಗೆ ಅದನ್ನು ತೆರೆಯುವುದು.

ಬೆಳಿಗ್ಗೆ ಮನೆಯಲ್ಲಿ ಅತ್ತೆ, “ಬಿಟ್ಟುಬಿಡಮ್ಮ. ಆ ಮೆಟ್ಟಿಲು ಹತ್ತಿ ಇಳಿಯೋದು ನೋಡಿದ್ರೆ ನಂಗೆ ಎದೆ ಡವಡವ ಅನ್ನುತ್ತೆ” ಎಂದರು.

“ಮೆಟ್ಟಿಲು ನಾಲ್ಕೇ ಅತ್ತೆ.”

“ನಾಲ್ಕಾದ್ರೇನು, ಮೆಟ್ಟಿಲು ಮೆಟ್ಟಿಲೇ ತಾನೆ?”

ಬಸ್ಸು ಓಡಿಸುವ ಗಂಡನದು ಮಾತ್ರ ಎರಡು ವಾರದಿಂದ ಒಂದೇ ಮಾತು. “ನಿನ್ನಿಷ್ಟ ಕಣೇ.” ಇಷ್ಟ ಯಾವುದೆಂದು ಗೊತ್ತಿಲ್ಲದವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇಲ್ಲ.

ಮುದ್ರಣಾಲಯದಲ್ಲಿ ಅವಳು ಕೂರುವ ಮೊದಲೇ ಲೆಕ್ಕದಮ್ಮ ಕುರ್ಚಿ ಎಳೆದುಕೊಂಡು ಬಂದಳು. ಇಡೀ ಕಟ್ಟಡದ ಸಂಬಳದ ಪುಸ್ತಕವೂ ಅವಳದೇ, ಸಂಸಾರದ ಚಿಂತೆಯೂ ಅವಳದೇ.

“ಹಾಕಿಬಿಡು ಪ್ರೂಫಕ್ಕ. ನಾನಂತೂ ಬೆಳಿಗ್ಗೇನೇ ಹಾಕ್ಬಿಟ್ಟೆ.”

“ನಿಜವಾಗ್ಲೂ?”

“ಮತ್ತೆ? ಮಷಿನ್ ಮಾವ ನಿನ್ನೇನೇ ಹಾಕಿದ್ರಂತೆ. ಆಮೇಲೆ ಜಾಗ ಭರ್ತಿ ಆಯ್ತು ಅಂದ್ರೆ ಕೈಕೈ ಹಿಸುಕಿಕೋಬೇಕಾಗುತ್ತೆ.”

ಬಸ್ಸಿನಲ್ಲಿ ಕಿಟಕಿಯ ಸೀಟು ತುಂಬುತ್ತಿದೆ ಎಂದ ಹಾಗಿತ್ತು ಅವಳ ದನಿ. ಪ್ರೂಫಕ್ಕ ಗಾಬರಿಯಾಗಿ, ಎರಡು ವಾರದಿಂದ ಚೀಲದಲ್ಲೇ ಮಡಿಸಿಟ್ಟಿದ್ದ ಅರ್ಜಿಯನ್ನು ತೆಗೆದು ಮೊದಲ ಸಲ ಪೂರ್ತಿ ಓದಲು ಕುಳಿತಳು.

ಕೈಯಲ್ಲಿ ಕೆಂಪು ಪೆನ್ನಿತ್ತು. ಅದೇ ಅನಾಹುತವಾಯಿತು.

ಅರ್ಜಿ ಮುಖ್ಯ ಕಚೇರಿಯಲ್ಲೇ ಅಚ್ಚಾಗಿದ್ದರಿಂದ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಮೂರನೆಯ ಅಂಶ ಎರಡು ಸಲ ಬಂದಿತ್ತು. ಐದನೆಯದು ನಾಪತ್ತೆ. ಏಳನೆಯದರಲ್ಲಿ ‘ಸ್ವಯಂನಿವೃತ್ತಿ ಪಡೆದವರಿಗೆ ಹೆರಿಗೆ ರಜೆಯಾಗಲಿ ಅದರ ಸಂಬಳವಾಗಲಿ ಇರುವುದಿಲ್ಲ’ ಎಂದಿತ್ತು. ಅವಳು ಅದನ್ನು ಮೂರು ಸಲ ಓದಿದಳು. ಒಂದು ತಪ್ಪೂ ಸಿಗಲಿಲ್ಲ. ಕೊನೆಯಲ್ಲಿ, ಅರ್ಜಿ ಸಲ್ಲಿಸಲು ಈ ತಿಂಗಳ ಮೂವತ್ತೊಂದೇ ಕಡೆಯ ದಿನ ಎಂದಿತ್ತು. ಈ ತಿಂಗಳಿಗೆ ಇರುವುದೇ ಮೂವತ್ತು ದಿನ! ಅದಕ್ಕೇ ಮ್ಯಾನೇಜರ್ ಡಬ್ಬಿ ತೆರೆಯುವುದನ್ನು ಮೂವತ್ತಕ್ಕೆ, ಅಂದರೆ ಇವತ್ತಿಗೆ, ಇಟ್ಟುಕೊಂಡಿದ್ದರು. ಅವಳು ತಾರೀಕಿಗೆ ಸುತ್ತು ಹಾಕಿ, ಪಕ್ಕದಲ್ಲಿ ‘ಮುಂದಿನ ತಿಂಗಳ ಮೂವತ್ತೊಂದೇ?’ ಎಂದು ಬರೆದು, ಹನ್ನೆರಡು ವರ್ಷದ ಅಭ್ಯಾಸದಂತೆ ಕೆಳಗೆ ಸಹಿ ಮಾಡಿ, ಹಾಳೆಯನ್ನು ಮೇಜಿನ ಬಲಗಡೆಗೆ ಸರಿಸಿದಳು.

ಅಷ್ಟರಲ್ಲಿ ಹೊಟ್ಟೆ ತೊಳಸಿ ಬಚ್ಚಲಿಗೆ ಓಡಿದಳು. ಮುಖ ತೊಳೆದು ಬಂದಾಗ ಹಾಳೆ ಇರಲಿಲ್ಲ.

ಅಟೆಂಡರಣ್ಣ ಹೊರಗೆ ಅಂಚೆಯ ಚೀಲವನ್ನು ಸೈಕಲ್ಲಿಗೆ ಕಟ್ಟುತ್ತಿದ್ದ. “ಅಣ್ಣ, ಇಲ್ಲಿದ್ದ ಅರ್ಜಿ?”

“ಸಹಿ ಇತ್ತಲ್ಲಮ್ಮ. ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ಮುಟ್ಟಿಸಿದೆ” ಎಂದು ಅವನು ಪೆಡಲು ತುಳಿದೇಬಿಟ್ಟ. ಡಬ್ಬಿಯ ಹತ್ತಿರ ಹೋಗಲು ಸಂಕೋಚಪಡುವವರ ಅರ್ಜಿಗಳನ್ನು ನೀನೇ ತಂದು ಹಾಕು ಎಂದು ಮ್ಯಾನೇಜರ್ ಅವನಿಗೆ ಬೆಳಿಗ್ಗೆಯೇ ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳು.

ಅಂದರೆ ಅರ್ಜಿ ಡಬ್ಬಿಗೆ ಬಿದ್ದಾಯಿತು. ಎರಡು ವಾರ ತೂಗಿ ತೂಗಿ ತಕ್ಕಡಿಯೇ ಸವೆದಿತ್ತು. ಈಗ ಒಂದೇ ಕ್ಷಣದಲ್ಲಿ ಗೊತ್ತಾಯಿತು. ತನಗೆ ಕೆಲಸ ಬೇಕು. ಕೂಸು ಬೇಕು, ಹೆರಿಗೆ ರಜೆ ಬೇಕು, ರಜೆ ಮುಗಿಸಿ ಬಂದಾಗ ತನ್ನ ಮೇಜು ಅಲ್ಲೇ ಇರಬೇಕು.

ಸ್ಟೀಲಿನ ಅಡಿಕೋಲಿನ ತುದಿಗೆ ಅಂಟು ಸವರಿಕೊಂಡು ಅವಳು ಡಬ್ಬಿಯ ಬಳಿ ಹೋದಳು. ಸೀಳಿನಲ್ಲಿ ಇಳಿಬಿಟ್ಟು ಮೀನು ಹಿಡಿಯುವವರ ಹಾಗೆ ಕಾದಳು. ಏನೂ ಅಂಟಲಿಲ್ಲ.

“ಅಯ್ಯೋ, ಏನು ಮಾಡ್ತಿದ್ದೀಯ?” ಲೆಕ್ಕದಮ್ಮ!

“ತಪ್ಪಾಗಿ ಬಿದ್ದುಹೋಗಿದೆ. ವಾಪಸ್ ತೆಗೀಬೇಕು.”

“ಹಾಗಲ್ಲ ಕಣೆ, ಓರೆಯಾಗಿ ಹಿಡಿ. ಕೊಡಿಲ್ಲಿ.” ಲೆಕ್ಕದಮ್ಮ ಅಡಿಕೋಲನ್ನು ಓರೆ ಮಾಡಿ ಒತ್ತಿದಳು. ಅದು ಸೀಳಿನಲ್ಲಿ ಸಿಕ್ಕಿಕೊಂಡು, ಅಂಟೂ ಹಿಡಿದು, ನೆಟ್ಟ ಧ್ವಜದ ಹಾಗೆ ನಿಂತಿತು. ಇಬ್ಬರೂ ಸೇರಿ ಎಳೆದರೆ ಡಬ್ಬಿಯೇ ಮೇಲೆದ್ದಿತು.

ಬಾಗಿಲು ತೆರೆಯಿತು. “ಏನಮ್ಮ ಇದು, ಡಬ್ಬಿಗೆ ಆಪರೇಷನ್ನಾ?” ಎಂದರು ಮ್ಯಾನೇಜರ್.

“ಸರ್, ಒಂದು ನಿಮಿಷ ಬೀಗ ತೆಗೆದ್ರೆ...”

“ನಾಲ್ಕು ಗಂಟೆ ಅಂದ್ರೆ ನಾಲ್ಕು ಗಂಟೆ.” ಅವರು ಅಡಿಕೋಲಿನ ಸಮೇತ ಡಬ್ಬಿಯನ್ನು ಒಳಗೆ ಒಯ್ದರು.

ಅವಳು ಅಲ್ಲೇ ಬೆಂಚಿನ ಮೇಲೆ ಕುಳಿತಳು. ಊಟದ ಗಂಟೆ ಹೊಡೆಯಿತು, ಏಳಲಿಲ್ಲ. ಲೆಕ್ಕದಮ್ಮ ಎರಡು ಸಲ ನೀರು ತಂದುಕೊಟ್ಟಳು. ಎರಡು ಸಲವೂ ಜೊತೆಗೆ ಬುದ್ಧಿಮಾತನ್ನೂ ತಂದಳು.

ನಾಲ್ಕಕ್ಕೆ, ಮಷಿನ್ ಬಿಟ್ಟು ಬರಲಾಗದ ಮಷಿನ್ ಮಾವನ ಹೊರತು, ಎಲ್ಲರೂ ಮ್ಯಾನೇಜರ ಮೇಜಿನ ಸುತ್ತ ಸೇರಿದರು. ಬೀಗದ ಕೈ ತಿರುಗುವ ಮೊದಲೇ ಅವಳ ಬಾಯಿ ತೆರೆಯಿತು. “ಸರ್, ನನ್ನ ಅರ್ಜಿ ಲೆಕ್ಕಕ್ಕೆ ತಗೋಬೇಡಿ. ನಾನು ಕೆಲಸ ಬಿಡಲ್ಲ. ನಾನು... ಬಸುರಿ ಸರ್.”

“ಗೊತ್ತಮ್ಮ” ಎಂದರು ಅವರು ತಲೆ ಎತ್ತದೆ. “ಮೊನ್ನೆ ನಿಮ್ಮ ಮೇಜನ್ನ ಕಿಟಕಿ ಪಕ್ಕಕ್ಕೆ ಹಾಕಿಸಿದ್ದು ಬೆಳಕಿಗೆ ಅಂದ್ಕೊಂಡ್ರಾ? ಗಾಳಿಗೆ.”

ಅವರು ಬೀಗದ ಕೈ ತಿರುಗಿಸಿದರು.

ಡಬ್ಬಿ ತೆರೆಯಿತು. ಒಳಗೆ ಒಂದು ಪೆಪ್ಪರಮೆಂಟಿನ ಕಾಗದ, ಒಂದು ಹಳೆಯ ಬಸ್ ಟಿಕೇಟು, ಫ್ಯಾನು ತಿರುಗುತ್ತಿಲ್ಲವೆಂಬ ಹೆಸರಿಲ್ಲದ ದೂರು. ಅರ್ಜಿ ಮಾತ್ರ ಒಂದೂ ಇಲ್ಲ!

ಎಲ್ಲರೂ ಲೆಕ್ಕದಮ್ಮನನ್ನು ನೋಡಿದರು. ಅವಳು ಸೆರಗಿನ ತುದಿ ತಿರುಚುತ್ತ, “ಹಾಕೋಣ ಅಂತಾನೇ ಇದ್ದೆ. ಬೇರೆ ಐದು ಜನ ಹಾಕಿದ್ರೆ ನಂದು ಉಳಿಯುತ್ತಲ್ಲ ಅಂತ...” ಎಂದಳು. ಹಾಗೆಯೇ ಅಂದುಕೊಂಡಿದ್ದ ಉಳಿದವರೂ ನೆಲ ನೋಡಿದರು.

ಆದರೆ ಮ್ಯಾನೇಜರ್ ನಗುತ್ತಿದ್ದರು. “ಈಗ ಹೇಳಬಹುದು. ಕಡೆಯ ದಿನ ಮುಗಿಯೋದ್ರೊಳಗೆ ಒಂದು ಅರ್ಜಿಯೂ ಬರದಿದ್ರೆ ಇಡೀ ಯೋಜನೆಯೇ ರದ್ದು ಅಂತ ಮುಖ್ಯ ಕಚೇರಿ ಹೇಳಿತ್ತು. ಬಾಯಿ ಬಿಡೋ ಹಾಗಿರಲಿಲ್ಲ. ಮುಗೀತು. ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ.”

ಲೆಕ್ಕದಮ್ಮ ಪ್ರೂಫಕ್ಕನನ್ನು ತಬ್ಬಿಕೊಂಡೇಬಿಟ್ಟಳು. ಆಗಲೇ ಮಷಿನ್ ಮಾವ ಒಂದು ಕಟ್ಟು ಹೊತ್ತು ಒಳಗೆ ಬಂದರು. ತಾವು ಅಚ್ಚು ಹಾಕುವ ಯಾವುದನ್ನೂ ಓದದೆ ಮೂವತ್ತು ವರ್ಷ ನೆಮ್ಮದಿಯಾಗಿದ್ದವರು ಅವರು.

“ತಗೋಮ್ಮ ಪ್ರೂಫಕ್ಕ, ಬಿಸಿಬಿಸಿ ಇದೆ. ನೀನು ತಿದ್ದಿ ಕಳಿಸಿದ್ದು ಇನ್ನೂರು ಪ್ರತಿ. ಮೊದಲನೇದನ್ನ ಯಾವಾಗಿನ ಹಾಗೆ ಮುಖ್ಯ ಕಚೇರಿಗೂ ಕಳಿಸಿದೆ.”

ಅವಳ ಕೆಂಪು ಸಹಿ ಬಿತ್ತೆಂದರೆ ಅಚ್ಚಿಗೆ ಒಪ್ಪಿಗೆ ಸಿಕ್ಕಂತೆ; ಅಂಥ ಹಾಳೆಯನ್ನು ಅಟೆಂಡರಣ್ಣ ಮಷಿನ್ ಮಾವನಿಗಲ್ಲದೆ ಇನ್ನೆಲ್ಲಿಗೆ ಮುಟ್ಟಿಸಿಯಾನು? ಅವಳು ಅಂಚಿನಲ್ಲಿ ಪ್ರಶ್ನೆ ಕೇಳಿದರೂ ಆ ಮುದ್ರಣಾಲಯದಲ್ಲಿ ಅದು ಅಪ್ಪಣೆಯೇ. ಅರ್ಜಿ ಈಗ ಅಚ್ಚುಕಟ್ಟಾಗಿತ್ತು. ಅಂಶಗಳೆಲ್ಲ ಸಾಲಾಗಿದ್ದವು. ಕಡೆಯ ದಿನ ಮುಂದಿನ ತಿಂಗಳ ಮೂವತ್ತೊಂದು.

ಫೋನು ಹೊಡೆದುಕೊಂಡಿತು. ಮ್ಯಾನೇಜರ್ “ಹೌದು ಸರ್... ಹೌದು ಸರ್...” ಎನ್ನುತ್ತ ಹೋದಂತೆ ಅವರ ಮುಖ ಬಿಳಿಚಿಕೊಂಡಿತು. ಇಟ್ಟ ಮೇಲೆ ಹೇಳಿದರು: “ಹೊಸ ತಾರೀಕೇ ಇರಲಿ ಅಂತೆ. ತಪ್ಪು ಹಿಡಿದವರಿಗೆ ಅಭಿನಂದನೆ ತಿಳಿಸಬೇಕಂತೆ.”

ಜನ ಒಬ್ಬೊಬ್ಬರಾಗಿ ಚದುರಿದರು. ಲೆಕ್ಕದಮ್ಮ ಹೋಗುತ್ತ, “ಹೋಗ್ಲಿ ಬಿಡು, ಇನ್ನೂ ಒಂದು ತಿಂಗಳು ಯೋಚನೆ ಮಾಡ್ಬಹುದು. ನಾಳೆ ಕೂತು ಮಾತಾಡೋಣ” ಎಂದಳು.

ಪ್ರೂಫಕ್ಕ ತನ್ನ ಮೇಜಿಗೆ ಬಂದು ಕುಳಿತಳು. ಮಧ್ಯಾಹ್ನ ಅಷ್ಟು ಗಟ್ಟಿಯಾಗಿ ಗೊತ್ತಾಗಿದ್ದ ಮಾತು, ಮೂವತ್ತೊಂದು ದಿನ ಸಿಕ್ಕಿದ ಕೂಡಲೇ, ಸಡಿಲ ಹಲ್ಲಿನ ಹಾಗೆ ಮತ್ತೆ ಅಲುಗಾಡತೊಡಗಿತ್ತು. ಬಿಟ್ಟರೆ? ಬಿಡದಿದ್ದರೆ?

ಯಾರೋ ಪಕ್ಕದಲ್ಲಿ ನಿಂತಂತಾಯಿತು. ಮ್ಯಾನೇಜರ್. ಬೆಳಿಗ್ಗೆಯಿಂದ ಗಡಿಯಾರ ನೋಡುತ್ತ ಕೂತು ಅವರೂ ಉಂಡಿರಲಿಲ್ಲ. ತಮ್ಮ ಊಟದ ಡಬ್ಬಿಯ ಮುಚ್ಚಳ ತೆಗೆದು, ಚಮಚವನ್ನು ಕರವಸ್ತ್ರದಿಂದ ಒರೆಸಿ, ಅವಳ ಮುಂದಿಟ್ಟು ಹೊರಟುಹೋದರು.