ಬಾಕಿ ಬಟ್ಟೆಯ ವ್ಯಾಯಾಮ

ದಿನವಿಡೀ ಸೂಜಿ ಹಿಡಿದು ಬದುಕುವ ದರ್ಜಿಗೆ ಸೂಜಿ ಚುಚ್ಚಿಸಿಕೊಳ್ಳಲು ಭಯ ಎಂದರೆ ನೀವು ನಗುತ್ತೀರಿ. ನಗಿ. ನಿಮಗೇನು, ಸಕ್ಕರೆ ಏರಿರುವುದು ನನ್ನ ರಕ್ತದಲ್ಲಿ.

“ಸಕ್ಕರೆ ಗಡಿಯಲ್ಲಿ ನಿಂತಿದೆ. ಹೊಟ್ಟೆ ಕರಗಬೇಕು, ದಿನಾ ಬಿರುಸಾಗಿ ನಡೀಬೇಕು. ಇಲ್ಲಾಂದ್ರೆ ಮಾತ್ರೆ. ಅದಕ್ಕೂ ಬಗ್ಗದಿದ್ರೆ ಇಂಜೆಕ್ಷನ್,” ಎಂದರು ಡಾಕ್ಟರಮ್ಮ. ನನಗೆ ಕೇಳಿಸಿದ್ದು ಕೊನೆಯ ಪದ ಮಾತ್ರ. (ಅವರ ಬಿಳಿ ಕೋಟು ನನ್ನ ಅಂಗಡಿಯಲ್ಲೇ ಇದೆ, ಒಂದು ತೋಳು ಬಾಕಿ. ಅವತ್ತು ಅವರೂ ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.)

ಅಂದಿನಿಂದ ನನ್ನ ಅರ್ಧಾಂಗಿ ಆರೋಗ್ಯ ಸಾಮ್ರಾಜ್ಯದ ಪಟ್ಟವೇರಿದಳು. ಚಹಾದಲ್ಲಿ ಸಕ್ಕರೆ ಮಾಯವಾಯಿತು, ಊಟದ ತಟ್ಟೆ ಚಿಕ್ಕದಾಯಿತು. ಬೆಳಗಾದರೆ ಬೂಟು ಬಾಗಿಲಲ್ಲಿ ಸಿದ್ಧ.

“ರೀ, ಏಳಿ, ಹೊರಡಿ.”

“ಲೇ, ನಾನು ಬೀದಿಗಿಳಿಯೋ ಹಾಗಿದೆಯೇನೇ?”

“ಇಂಜೆಕ್ಷನ್ ಬೇಕಾ?”

ನನ್ನದು ಸೋಮಾರಿತನವಲ್ಲ, ಪ್ರಾಣಭಯ. ಈ ಬೀದಿಯಲ್ಲಿ ನನಗೆ ಹೊಲಿಯಲು ಕೊಡದ ಮನೆಯಿಲ್ಲ. ಹೊಲಿದ ಬಟ್ಟೆ ಕೈಗೆ ಸಿಕ್ಕ ಮನೆಯನ್ನು ಮಾತ್ರ ಹುಡುಕಬೇಕು. ಅಂಗಡಿಯಲ್ಲಾದರೆ ಯಾರಾದರೂ ಬಂದ ಕೂಡಲೇ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡುಬಿಡುತ್ತೇನೆ, ಉತ್ತರ ಕೊಡುವ ಕಷ್ಟವಿಲ್ಲ. ಬೀದಿಯಲ್ಲಿ ಏನು ಕಚ್ಚಿಕೊಳ್ಳಲಿ?

ಮೊದಲ ದಿನವೇ ಪಕ್ಕದ ಮನೆಯ ಮೇಷ್ಟರು ತಮ್ಮ ಗೇಟಿನಿಂದ ಹೊರಬಂದರು. “ಏನ್ರೀ ಟೈಲರ್ರೇ, ನನ್ನ ಪ್ಯಾಂಟು?”

“ಕಾಜಾ ಒಂದೇ ಬಾಕಿ ಸಾರ್!” ಎಂದು ಕಾಲಿಗೆ ಬುದ್ಧಿ ಹೇಳಿದೆ. (ಬಟ್ಟೆಗೆ ಇನ್ನೂ ಕತ್ತರಿಯೇ ತಾಗಿರಲಿಲ್ಲ.)

ಮರುದಿನ ಹಿಂದಿನ ಓಣಿ ಹಿಡಿದೆ. ಅಲ್ಲೂ ಮೇಷ್ಟರು! ಅದರಾಚೆ ದಿನ ರೈಲು ಹಳಿಯ ಪಕ್ಕದ ದಾರಿಯಲ್ಲಿ ಹೊರಟರೆ ಪೋಸ್ಟ್‌ಮ್ಯಾನ್ ಸೈಕಲ್ಲಿನಲ್ಲಿ ಎದುರಾದ. “ಅಣ್ಣಾ, ನನ್ನ ಅಂಗಿ!” ನಾನು ಓಡಿದೆ, ಅವನು ಪೆಡಲ್ ತುಳಿದ. ನಾನು ಯಾವ ಸಂದಿ ಹೊಕ್ಕರೂ ಯಾರೋ ಒಬ್ಬರು ಕಾದಿರುತ್ತಿದ್ದರು. ಎದೆ ಡವಡವ, ಬೆನ್ನೆಲ್ಲ ಬೆವರು. ಹೃದಯವೇ ನಿಂತುಹೋದರೆ ಸಕ್ಕರೆ ಇಳಿದು ಯಾರಿಗೆ ಲಾಭ ಎಂದು ಹೆದರುತ್ತಲೇ ಓಡಿದೆ. ಮನೆಗೆ ಬಂದು ಗೋಳು ತೋಡಿಕೊಂಡರೆ ಇವಳು, “ಅಯ್ಯೋ ಪಾಪ, ನಾಳೆ ಯಾವ ಕಡೆ ಹೋಗ್ತೀರಿ?” ಎಂದು ಅಕ್ಕರೆಯಿಂದ ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ.

ಹೀಗೇ ಮೂರು ತಿಂಗಳು ಕಳೆದು ಮತ್ತೆ ರಕ್ತಪರೀಕ್ಷೆಯ ದಿನ ಬಂತು. ಡಾಕ್ಟರಮ್ಮ ರಿಪೋರ್ಟ್ ನೋಡುತ್ತಿರುವಾಗ ನಾನು ಇವಳ ಸೆರಗಿನ ತುದಿ ಹಿಡಿದು ಕೂತಿದ್ದೆ.

“ಭೇಷ್! ಸಕ್ಕರೆ ಇಳಿದಿದೆ, ಹೊಟ್ಟೆನೂ ಇಳಿದಿದೆ. ಮಾತ್ರೆ ಬೇಡ. ಏನು ಮಾಡಿದ್ರಿ?”

ಹೋದ ಜೀವ ಬಂತು. “ಎಲ್ಲಾ ಮನೋನಿಗ್ರಹ ಮೇಡಂ,” ಎಂದೆ ಗಂಭೀರವಾಗಿ.

“ಮನೋನಿಗ್ರಹವಂತೆ!” ಎಂದು ಇವಳು ಕಿಸಕ್ಕನೆ ನಕ್ಕಳು. “ಯಾವ ದಾರೀಲಿ ಬರ್ತಾರೆ ಅಂತ ದಿನಾ ಮೇಷ್ಟರಿಗೆ, ಪೋಸ್ಟ್‌ಮ್ಯಾನಿಗೆ ಫೋನ್ ಮಾಡ್ತಿದ್ದವಳು ನಾನು. ಇಲ್ಲದಿದ್ರೆ ಇವರು ಮೂಲೆ ತಿರುಗಿ ಯಾವುದೋ ಬೆಂಚಿನ ಮೇಲೆ ಕೂತುಬಿಡೋರು!”

ನನಗೆ ಮೈಯೆಲ್ಲ ಉರಿಯಿತು. “ಹಾಗೋ? ಇವತ್ತೇ ಕೂತು ಎಲ್ಲರ ಬಟ್ಟೇನೂ ಹೊಲಿದು ಬಿಸಾಕ್ತೀನಿ!”

“ಕೂತು?” ಡಾಕ್ಟರಮ್ಮ ಗಾಬರಿಯಾದರು. “ಬೇಡಪ್ಪಾ, ಕೂತ್ರೆ ಸಕ್ಕರೆ ಮತ್ತೆ ಏರುತ್ತೆ. ನಡಿಗೆ ಒಂದು ದಿನಾನೂ ತಪ್ಪಬಾರದು.” ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಂದ ಹಾಗೆ, ನನ್ನ ಕೋಟು?”

“ತೋಳೊಂದೇ ಬಾಕಿ ಮೇಡಂ!” ಎನ್ನುವಷ್ಟರಲ್ಲಿ ನನ್ನ ಕಾಲುಗಳು ಅಭ್ಯಾಸಬಲದಿಂದ ಬಾಗಿಲು ದಾಟಿದ್ದವು. ಹಿಂದಿನಿಂದ ಇವಳ ಮಾತು ಕೇಳಿಸಿತು.

“ಮೇಡಂ, ನಾಳೆ ಹಳಿ ಪಕ್ಕದ ದಾರಿ. ಸ್ವಲ್ಪ ಬೇಗನೇ ಬಂದು ನಿಂತಿರಿ.”