ಫ್ರಿಜ್ಜಿನ ಮೇಲೆ ಅಂಟಿ ಕೂತ ಸರಾಸರಿ ಸಂಬಳದವರಿಗೆ

ಬ್ಯಾಟ್ಲಿ, ಯಾರ್ಕ್‌ಷೈರ್
ಸೋಮವಾರ ಸಂಜೆ

ಮಾನ್ಯರೇ, ಮಹಾಮಾನ್ಯರೇ, ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಫ್ಯಾಷನ್ ಮತ್ತು ಜವಳಿ ಪದವಿಯ ಪುಟದ ನೆತ್ತಿಯ ಮೇಲೆ ಕಿರೀಟದಂತೆ ಹೊಳೆಯುತ್ತಿರುವ ಸರಾಸರಿ ಸಂಬಳದವರೇ,

ವರ್ಷಕ್ಕೆ ಮೂವತ್ತೊಂದು ಸಾವಿರ ಪೌಂಡು ತೂಗುವ ತಮ್ಮಂಥ ದೊಡ್ಡವರಿಗೆ ಇಪ್ಪತ್ತೆರಡು ಸಾವಿರದವಳೊಬ್ಬಳು ನೇರವಾಗಿ ಪತ್ರ ಬರೆಯುವುದು ಉದ್ಧಟತನವೆಂದು ಬಲ್ಲೆ. ಆದರೆ ಅದೇ ಪದವಿ ಪಡೆದು ಮೂರನೆಯ ವರ್ಷ ನಡೆಯುತ್ತಿದ್ದರೂ ತಮ್ಮನ್ನು ಒಮ್ಮೆಯೂ ಮುಖತಃ ಕಾಣುವ ಭಾಗ್ಯ ನನಗೆ ಒದಗಲಿಲ್ಲವಾಗಿ, ತಾವು ಕ್ಷೇಮವೇ, ಆಗಾಗ ಊಟಕ್ಕೆ ಯಾರ ಮನೆಗೆ ಹೋಗುತ್ತೀರಿ ಎಂದು ವಿಚಾರಿಸಿಕೊಳ್ಳುವುದು ನನ್ನ ಧರ್ಮವೆಂದು ತಿಳಿದಿದ್ದೇನೆ.

ನನ್ನ ಪರಿಚಯ ಹೇಳಿಕೊಳ್ಳುವುದಾದರೆ, ನಾನು ಊರಾಚೆಯ ದೊಡ್ಡ ಬಟ್ಟೆಯಂಗಡಿಯೊಂದರಲ್ಲಿ ಸ್ವೆಟರ್ ಮಡಚುತ್ತೇನೆ. ಗಿರಾಕಿಗಳು ಬಿಚ್ಚಿ ಹೋಗುತ್ತಾರೆ, ನಾನು ಮಡಚಿಡುತ್ತೇನೆ, ಅವರು ಮತ್ತೆ ಬರುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ನಾನು ಹಾಸಿಗೆಯ ಬಟ್ಟೆ ನೇಯುವುದನ್ನೇ ಮೂರು ವರ್ಷ ಓದಿದವಳು. ಚಾಚುವಷ್ಟು ಹಾಸಿಗೆ ಮಾತ್ರ ಇನ್ನೂ ಸಿಕ್ಕಿಲ್ಲ. ಆ ಓದಿಗೆ ತೆಗೆದ ಸಾಲ ನಲವತ್ತೆಂಟು ಸಾವಿರ. ಸಂಬಳ ಒಂದು ಗೆರೆ ದಾಟಿದರಷ್ಟೇ ಕಂತು ಮುರಿದುಕೊಳ್ಳುವುದು ಸರ್ಕಾರದ ದೊಡ್ಡ ಗುಣ, ಆ ಗೆರೆಯ ಈಚೆಗೇ ಕೈಕಟ್ಟಿ ನಿಂತಿರುವುದು ನನ್ನ ಸಂಬಳದ ಸಭ್ಯತೆ. ಹೀಗಾಗಿ ನಾನು ಬಿಡಿಗಾಸು ಕೊಡದಿದ್ದರೂ ಸಾಲ ಬಡ್ಡಿಯುಂಡು ಬೆಳೆಯುತ್ತಿದೆ. ತುತ್ತು ಉಣಿಸದಿದ್ದರೂ ಮೈಕೈ ತುಂಬಿಕೊಳ್ಳುವ ಇಂಥ ಮಗು ಯಾವ ತಾಯಿಗುಂಟು? ಸಾಲಕ್ಕೆ ಮೂವತ್ತು ವರ್ಷ ತುಂಬಿದೊಡನೆ ಅದು ತಾನಾಗಿಯೇ ಮನ್ನಾ ಆಗುತ್ತದಂತೆ, ಅಲ್ಲಿಯವರೆಗೆ ಸಾಕಿಕೊಂಡರಾಯಿತು.

ಇನ್ನು ತಮ್ಮ ಜನನದ ವಿಚಾರ. ಪದವಿ ಮುಗಿದು ಒಂದೂಕಾಲು ವರ್ಷಕ್ಕೆ, ಹಳೆಯ ವಿದ್ಯಾರ್ಥಿಗಳು ಎಷ್ಟು ದುಡಿಯುತ್ತಿದ್ದಾರೆಂದು ಫೋನು ಮಾಡಿ ಕೇಳುವುದು ಇಲ್ಲಿಯ ಪದ್ಧತಿ. ನಮ್ಮ ಅಂಗಡಿಯಲ್ಲಿ ಮಡಚುವವರ ಫೋನುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದರಿಂದ ನಾನು ಮನೆಯ ನಂಬರು ಕೊಟ್ಟಿದ್ದೆ. ಕರೆ ಬಂದ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ಪಕ್ಕದ ಮನೆಯ ಬ್ರೆಂಡಾ ಆಂಟಿ ಟೀಗೆ ಬಿಸ್ಕತ್ತು ಅದ್ದುತ್ತ ಕೂತಿದ್ದರು. ಅವರ ಮಗ ಕ್ರೇಗ್ ಹದಿನಾರಕ್ಕೇ ಶಾಲೆ ಬಿಟ್ಟು ನಲ್ಲಿ ರಿಪೇರಿ ಕಲಿತವನು. ಅವನಿಗೆ ಓದಿನ ಸಾಲವಿಲ್ಲ, ವ್ಯಾನಿದೆ, ವ್ಯಾನಿನ ಮೇಲೆ ಅವನದೇ ಹೆಸರಿದೆ, ಆ ಹೆಸರು ನಮ್ಮ ಕಿಟಕಿಗೆ ಎದುರಾಗಿಯೇ ನಿಲ್ಲುತ್ತದೆ. ಇಂಥ ಪರಿಸ್ಥಿತಿಯಲ್ಲಿ ನನ್ನ ತಾಯಿ ಗೇಲ್ ಅವರು ಫೋನಿಗೆ ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡ ದನಿಯಲ್ಲಿ, "ಹೂಂ ಚಿನ್ನ, ನಾನವಳ ಅಮ್ಮ, ನನಗೇ ಹೇಳು. ಕೆಲಸವಾ? ಡಿಸೈನರ್ ಕಣಪ್ಪಾ. ಲಂಡನ್ನಿಗೆ ಹೋಗ್ತಾ ಬರ್ತಾ ಇರ್ತಾಳೆ. ಸಂಬಳ ನಲವತ್ತು ಸಾವಿರ ಅಂತ ಹಾಕ್ಕೋ, ಬೋನಸ್ಸು ಬೇರೆ," ಎಂದರು. (ಗೆಳತಿಯ ಹುಟ್ಟುಹಬ್ಬಕ್ಕೆಂದು ಒಮ್ಮೆ ಬಸ್ಸು ಹತ್ತಿ ಲಂಡನ್ನಿಗೆ ಹೋಗಿದ್ದೆ, ಬಂದಿದ್ದೆ, ಆ ಮಟ್ಟಿಗೆ ಅಮ್ಮ ಸುಳ್ಳಾಡಿಲ್ಲ.) ಬ್ರೆಂಡಾ ಆಂಟಿಯ ಬಿಸ್ಕತ್ತು ಮುರಿದು ಟೀಯಲ್ಲಿ ಮುಳುಗಿತಂತೆ. ತಾವು ಹುಟ್ಟಿದಿರಿ.

ಇಷ್ಟೇ ಆಗಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಆದರೆ ಹದಿನೆಂಟರ ನನ್ನ ತಂಗಿ ಬ್ರಯೊನಿ ತಮ್ಮನ್ನು ಮುದ್ರಿಸಿ ಫ್ರಿಜ್ಜಿಗೆ ಅಂಟಿಸಿಕೊಂಡಿದ್ದಾಳೆ. ಅವಳಿಗೂ ಅದೇ ಪದವಿಯಲ್ಲಿ ಸೀಟು ಸಿಕ್ಕಿದೆ. ಹೌದೋ ಅಲ್ಲವೋ ಹೇಳಲು ಗುರುವಾರ ಕಡೆಯ ದಿನ. ಹುಡುಗಿಗೆ ಕೈಚಳಕವಿದೆ, ಅದನ್ನು ಒಪ್ಪಲೇಬೇಕು. ಹಳೆಯ ಪರದೆ ಕತ್ತರಿಸಿ ಅವಳು ಹೊಲಿದ ಕೋಟಿನ ಒಳಪದರವನ್ನು ನಾನು ತಿರುಗಿಸಿ ನೋಡಿದೆ, ತಪ್ಪು ಹುಡುಕಲೆಂದೇ ನೋಡಿದೆ, ಸಿಗಲಿಲ್ಲ. ಅದಕ್ಕೇ ಅಕ್ಕನಾದವಳು ಕೂರಿಸಿಕೊಂಡು ಅಮ್ಮನ ನಲವತ್ತು ಸಾವಿರದ ಕಥೆ ಹೇಳಿದೆ. ಅವಳೆಂದಳು: "ಗೊತ್ತು ಬಿಡೇ, ಮೆಟ್ಟಿಲ ಮೇಲೆ ಕೂತು ಕೇಳಿಸ್ಕೊಂಡಿದ್ದೀನಿ. ಬುರುಡೆ ಬಿಟ್ಟಿದ್ದು ಅಮ್ಮ ಒಬ್ಬಳೇ ತಾನೆ? ಉಳಿದವರು ನಿಜಾನೇ ಹೇಳಿರ್ತಾರೆ. ನಿನಗೆ ಸಿಕ್ಕಿಲ್ಲ, ಅಷ್ಟೆ."

ನೋಡಿದಿರಾ ತಮ್ಮ ಮಹಿಮೆ. ಅಮ್ಮ ನನ್ನ ಹೆಸರಿನಲ್ಲೇ ಏರಿಸಿದ ಸರಾಸರಿಗಿಂತ ನಾನೇ ಕೆಳಗೆ ಬಿದ್ದವಳಾದೆ.

ಉಳಿದವರನ್ನು ವಿಚಾರಿಸಿದೆ. ನಮ್ಮ ತರಗತಿಯಲ್ಲಿ ಕೆಲಸವಿದ್ದವರ ಫೋನೆಲ್ಲ ಬೀಗದೊಳಗಿತ್ತಾದ್ದರಿಂದ ಉತ್ತರಿಸಿದ್ದು, ಮನೆಮಂದಿಯ ನಂಬರು ಕೊಟ್ಟಿದ್ದ ಕೆಲವರ ಮನೆಯವರು ಮಾತ್ರ. ಸಫಿಯಾಳ ಅಪ್ಪ ಟ್ಯಾಕ್ಸಿ ಓಡಿಸುತ್ತಲೇ ಮಗಳನ್ನು ಕಂಪನಿ ಮಾಲೀಕಳೆಂದು ಘೋಷಿಸಿದ್ದಾರೆ. ಅವಳು ಮಲಗುವ ಕೋಣೆಯಲ್ಲಿ ಕೂತು ತಲೆವಸ್ತ್ರ ಹೊಲಿದು ಮಾರುತ್ತಾಳೆ. ಕಿಯೆರಾಳ ಅಜ್ಜಿಯಂತೂ ಮೊಮ್ಮಗಳ ಸಂಬಳದ ಜೊತೆಗೆ ಅವಳ ಗೆಳೆಯನದನ್ನೂ ಕೂಡಿಸಿ ಹೇಳಿದ್ದಾರೆ, "ಒಂದೇ ಮನೇಲಿ ಇರ್ತಾರಲ್ಲಪ್ಪ, ಬೇರೆ ಬೇರೆ ಯಾಕೆ?" ಎಂದು. ಮಾನ್ಯರೇ, ತಾವು ನಮ್ಮ ಸಂಬಳದ ಸರಾಸರಿಯಲ್ಲ, ಹೆತ್ತವರ ಹೆಮ್ಮೆಯ ಸರಾಸರಿ. ಆ ಲೆಕ್ಕದಲ್ಲಿ ಮೂವತ್ತೊಂದು ಸಾವಿರ ಕಡಿಮೆಯೇ ಆಯಿತು.

ಆದ್ದರಿಂದ ಬಿನ್ನಹವೇನೆಂದರೆ, ಗುರುವಾರದೊಳಗೆ ತಾವು ದಯಮಾಡಿ ಆ ಫ್ರಿಜ್ಜಿನಿಂದ ಇಳಿಯಬೇಕು, ಇಳಿಯುತ್ತ ಒಂಬತ್ತು ಸಾವಿರವನ್ನು ಅಲ್ಲೇ ಬಿಟ್ಟು ಬರಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ ಒಂದು ತಿಂಗಳ ಮಟ್ಟಿಗೆ ನನ್ನ ಬ್ಯಾಂಕ್ ಖಾತೆಯಲ್ಲಿ ಇದ್ದು ಹೋಗಬಹುದು. ಒಳಗೆ ಜಾಗ ಬೇಕಾದಷ್ಟಿದೆ. ತಂಗಿಯನ್ನು ಪದವಿಗೆ ಕಳಿಸಬೇಡಿ ಎಂದು ನಾನು ಕೇಳುತ್ತಿಲ್ಲ. ಅಳತೆ ಪಟ್ಟಿ ಸರಿಯಾಗಿದ್ದರೆ ಸಾಕು, ಬಟ್ಟೆಯನ್ನು ಎಲ್ಲಿ ಕತ್ತರಿಸಬೇಕೆಂಬುದು ಅವಳಿಗೆ ಬಿಟ್ಟದ್ದು. ನಾನು ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾಳೆ. ತಾವು ಹೇಳಿದರೆ ನಂಬುತ್ತಾಳೆ.

ತಮಗಿಂತ ಸದಾ ಒಂಬತ್ತು ಸಾವಿರ ಕೆಳಗಿರುವ
ತಮ್ಮ ವಿಶ್ವಾಸಿ,
ಟಾಮ್ಸಿನ್ ಏಕ್ರಾಯ್ಡ್

ತಾ.ಕ.: ತಾವು ಇಳಿಯಲಿಲ್ಲ, ಬದಲಿಗೆ ಬುಧವಾರ ವಿಶ್ವವಿದ್ಯಾಲಯದಿಂದ ಫೋನು ಬಂತು. ನಲವತ್ತು ಸಾವಿರ ದುಡಿಯುವ ಹಳೆಯ ವಿದ್ಯಾರ್ಥಿನಿ ಹೊಸಬರ ನೆರವಿಗೆ ತಿಂಗಳಿಗೆ ಹತ್ತು ಪೌಂಡು ದಾನ ಕೊಡಬಾರದೇ ಎಂದು ಕೇಳಿದರಂತೆ. ಬ್ರೆಂಡಾ ಆಂಟಿ ಕೂತಿದ್ದರಿಂದ ಅಮ್ಮ ಒಪ್ಪಿಯೂ ಬಿಟ್ಟರು. ಅಷ್ಟರಲ್ಲಿ ಮೇಜಿನ ಮೇಲಿದ್ದ ಈ ಪತ್ರವನ್ನು ಓದಿ ಮುಗಿಸಿದ್ದ ಬ್ರಯೊನಿ ಫೋನು ಕಿತ್ತುಕೊಂಡು, "ಅಕ್ಕನಿಗೆ ಬರೋದು ಇಪ್ಪತ್ತೆರಡು. ಬಾಕಿ ಹದಿನೆಂಟು ಸಾವಿರ ನೀವೇ ಕಳಿಸಿಕೊಡಿ, ಅದ್ರಲ್ಲಿ ಹತ್ತು ಪೌಂಡು ಹಿಡ್ಕೊಳ್ಳಿ," ಎಂದಳು. ಅಮ್ಮ ತುಂಬಿದ ಲೋಟಕ್ಕೇ ಮತ್ತೆ ಟೀ ಸುರಿದರಂತೆ. ಕೊನೆಗೆ ಬ್ರೆಂಡಾ ಆಂಟಿಯೇ, "ಮೊದ್ಲೇ ಹೇಳೋಕೇನಾಗಿತ್ತು ಗೇಲ್? ನಮ್ಮ ಕ್ರೇಗನ ವ್ಯಾನೂ ಕಂತಿಂದೇ," ಎಂದರು.

ಇಂದು ಗುರುವಾರ. ಬ್ರಯೊನಿ ತಮ್ಮನ್ನು ಫ್ರಿಜ್ಜಿನಿಂದ ಕಿತ್ತು, ಹಿಂಬದಿಯಲ್ಲಿ ಒಂದು ತೋಳಿನ ಅಳತೆ ಬರೆದುಕೊಂಡು, ಪದವಿಗೆ ಹೌದು ಎಂದಿದ್ದಾಳೆ. ಒಂದೇ ಕರಾರು: "ಓದು ಮುಗಿದ್ಮೇಲೆ ಆ ಫೋನು ಬಂದ್ರೆ ನಾನೇ ಎತ್ತೋದು. ಅವತ್ತು ಬ್ರೆಂಡಾ ಆಂಟಿನೂ ಇಲ್ಲೇ ಇರ್ಲಿ."