ಎರಡು ಸೊನ್ನೆ, ಒಂದು ಟವೆಲ್

ಬಹಳ ವರ್ಷ ಗಣಿತ ಕಲಿಸಿದವನಿಗೆ ತಪ್ಪು ಹುಡುಕುವ ಚಟ ಅಂಟಿಕೊಳ್ಳುತ್ತದೆ, ತನ್ನ ತಪ್ಪೊಂದನ್ನು ಬಿಟ್ಟು. ಮದುವೆ ಪತ್ರಿಕೆ ಬಂದರೆ ನಾನು ಮೊದಲು ತಾರೀಖಿಗೂ ವಾರಕ್ಕೂ ತಾಳೆ ನೋಡುತ್ತೇನೆ, ಮದುಮಕ್ಕಳ ಹೆಸರು ಆಮೇಲೆ. "ಉಂಡು ಬರೋದು ಬಿಟ್ಟು ನಿಮಗ್ಯಾಕ್ರೀ ಈ ಉಸಾಬರಿ?" ಎಂದು ನನ್ನಾಕೆ ಬೈಯುತ್ತಾಳೆ.

ತೊಂಬತ್ತರ ದಶಕದಲ್ಲಿ ನಾನು ಮಸ್ಕಿಯಿಂದ ಸಿಂಧನೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಲಿಂಗಸುಗೂರು ಕಡೆಯಿಂದ ಬರುವ ಬಸ್ಸು ನಿಲ್ಲುವ ಮೊದಲೇ ಜನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದರು. ಟವೆಲ್ ಬಿದ್ದ ಸೀಟಿನಲ್ಲಿ ಯಾರೂ ಕೂರುವಂತಿಲ್ಲ, ಅದು ನಮ್ಮ ಕಡೆಯ ಕಾಯಿದೆ. ಎಕ್ಸ್ ಘನ, ಎಕ್ಸ್ ವರ್ಗ ಎಂದು ಘಾತಗಳು ಸಾಲಾಗಿ ಬರುವ ಬಹುಪದೋಕ್ತಿ ಕಲಿಸುವಾಗ ನನಗೆ ಇದೇ ಉದಾಹರಣೆ. "ಯಾವ ಘಾತ ಬಂದಿಲ್ಲೋ ಅದರ ಜಾಗಾದಾಗ ಸೊನ್ನಿ ಅನ್ನೋ ಟವೆಲ್ ಹಾಕ್ರಿ. ಇಲ್ಲಾಂದ್ರ ಹಿಂದಿನವ್ರು ಮುಂದ ಬಂದು ಕೂಡ್ತಾರ" ಎನ್ನುತ್ತಿದ್ದೆ. ಟವೆಲ್ ಮರೆತದ್ದಕ್ಕೆ ಜವಳಗೇರಾದ ಈರಮ್ಮನಿಗೆ ಕಿರುಪರೀಕ್ಷೆಯಲ್ಲಿ ಎರಡು ಅಂಕ ಕತ್ತರಿಸಿಯೂ ಇದ್ದೆ.

ಅಷ್ಟರಲ್ಲಿ ಕಾಲೇಜಿಗೆ ಒಂದು ಕಂಪ್ಯೂಟರ್ ಬಂತು. ಅದನ್ನು ಗಣಿತದ ಕೋಣೆಯಲ್ಲಿಡಬೇಕೆಂದು ನನ್ನ ಹಟ, ಪತ್ರ ಟೈಪು ಮಾಡಲು ಬೇಕೆಂದು ಆಫೀಸಿನವರ ಹಟ. ಪ್ರಿನ್ಸಿಪಾಲರು ಇತಿಹಾಸದವರು. "ಇದರಿಂದ ಗಣಿತಕ್ಕ ಏನು ಉಪಯೋಗ ತೋರಸ್ರಿ, ಆಮ್ಯಾಲೆ ಹೇಳ್ತೀನಿ" ಎಂದರು. ನನಗೆ ಹಿಗ್ಗು. ಹತ್ತು ಬಿಂದು ಲೆಕ್ಕ ಹಾಕಿ, ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು, ಕೈ ನಡುಗಿಸುತ್ತ ಜೋಡಿಸುತ್ತಿದ್ದ ನಕ್ಷೆಯನ್ನು ಅದರ ಸಾಫ್ಟ್‌ವೇರ್ ಕ್ಷಣದಲ್ಲಿ ಬಿಡಿಸುತ್ತಿತ್ತು. ಪ್ರತಿ ಘಾತದ ಮುಂದಿನ ಅಂಕಿಗಳನ್ನು, ಅಂದರೆ ಸಹಗುಣಕಗಳನ್ನು, ದೊಡ್ಡ ಘಾತದಿಂದ ಸಾಲಾಗಿ ಕೊಟ್ಟರಾಯಿತು, ಅದಕ್ಕೆ ಬಹುಪದೋಕ್ತಿ ತಿಳಿಯುತ್ತದೆ.

ಗಣಿತದ ಕೋಣೆಯ ಮೇಜಿನ ಮೇಲೆ ಅದನ್ನಿಟ್ಟು ತೋರಿಸುವ ದಿನ ಇಡೀ ತರಗತಿ, ಪ್ರಿನ್ಸಿಪಾಲರು, ಗುಮಾಸ್ತರು ಸುತ್ತ ನಿಂತರು. ಎಕ್ಸ್ ಘನದಲ್ಲಿ ನಾಲ್ಕು ಎಕ್ಸ್ ಕಳೆದರೆ ಬರುವ ನಕ್ಷೆ ಏರಿ, ಇಳಿದು, ಮತ್ತೆ ಏರಿ ಅಡ್ಡರೇಖೆಯನ್ನು ಮೂರು ಕಡೆ ದಾಟುತ್ತದೆ ಎಂದು ಭಾಷಣ ಬಿಗಿದು, ಒಂದು, ಋಣ ನಾಲ್ಕು ಎಂದು ಒತ್ತಿದೆ. ಮೊದಲು ಎಕ್ಸ್ ಎರಡಾದಾಗಿನ ಬೆಲೆ ಕೇಳಿದೆ. ಸೊನ್ನೆ ಬರಬೇಕು, ಋಣ ಎರಡು ಬಂತು. "ವೋಲ್ಟೇಜ್ ಕಡಿಮಿ ಐತಿ" ಎಂದು ಸಮಾಧಾನ ಹೇಳಿ ನಕ್ಷೆ ಬಿಡಿಸಿದೆ. ಪರದೆಯ ಮೇಲೆ ನೆಟ್ಟಗೆ ಒಂದು ಗೆರೆ ಎದ್ದಿತು. ಏರಿಳಿತವೂ ಇಲ್ಲ, ದಾಟಿದ್ದೂ ಒಂದೇ ಕಡೆ.

ಈರಮ್ಮ ಬಹಳ ಮೆತ್ತಗೆ ಕೇಳಿದಳು: "ಸರ, ಎಕ್ಸ್ ವರ್ಗಕ್ಕ, ಕಡೀಗೆ ಬರೋ ಸಂಖ್ಯಾಕ್ಕ ಟವೆಲ್ ಹಾಕಿಲ್ಲೇನ್ರೀ?"

ಸೊನ್ನೆಗಳಿಲ್ಲದೆ ಅದು ನನ್ನ ಲೆಕ್ಕವನ್ನು ಬರೀ ಎಕ್ಸ್ ಕಳೆ ನಾಲ್ಕು ಎಂದು ಓದಿತ್ತು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾದವು. ಸೊನ್ನೆ ಸೇರಿಸಿ ಮತ್ತೆ ತೋರಿಸುವಷ್ಟರಲ್ಲಿ ಕರೆಂಟು ಹೋಯಿತು. ಆದರೆ ಪ್ರಿನ್ಸಿಪಾಲರ ಮುಖ ಅರಳಿತ್ತು. "ಸರ, ನೀವು ಹೇಳಿದ್ದು ಖರೇ. ಎಷ್ಟು ನೆಟ್ಟಗ ಗೆರಿ ಹೊಡೀತು ನೋಡ್ರಿ. ನಮ್ಮ ಗುಮಾಸ್ತರು ಪಟ್ಟಿ ಹಿಡಿದ್ರೂ ಹಾಜರಿ ಪುಸ್ತಕದಾಗ ಸೊಟ್ಟ ಗೆರಿ ಹಾಕ್ತಾರ. ಇದು ಆಫೀಸಿನ್ಯಾಗ ಇರ್ಲಿ." ಅಂದೇ ಅದು ಹೋಯಿತು.

ಮರುದಿನ ಈರಮ್ಮನ ಎರಡು ಅಂಕ ವಾಪಸು ಕೊಟ್ಟೆ. ನಿವೃತ್ತನಾಗುವವರೆಗೂ ಕಂಪ್ಯೂಟರ್ ಮರಳಿ ಬರಲಿಲ್ಲ. ಅದಿದ್ದ ಮೇಜು ಖಾಲಿ ಬಿದ್ದಿದ್ದನ್ನು ಕಂಡು ಜೀವಶಾಸ್ತ್ರದವರು ಕಪ್ಪೆಯ ಜಾಡಿ ಇಡಲು ಬಂದರು. ನಾನು ಬಿಡಲಿಲ್ಲ. ಅಷ್ಟರಲ್ಲಾಗಲೇ ಅದರ ಮೇಲೆ ನನ್ನ ಟವೆಲ್ ಹಾಸಿಯಾಗಿತ್ತು.